ಒಂದು ಹೆಚ್ಚಿಗೆ ಇರಲಿ

ಮ್ಯಾಗಜಿನ್ ಎಂದರೆ ನನಗೂ ನಿಮಗೂ ವಾರಕ್ಕೊಮ್ಮೆ ಬರುವ ಪತ್ರಿಕೆ. ಧಾರಾವಾಹಿ, ಅಡುಗೆ, ವಾರಭವಿಷ್ಯ ಇರುವಂಥದ್ದು. "ಅಕ್ಕ, ಮ್ಯಾಗಜಿನ್ ಇನ್ನೊಂದು ಸಾಕೋ, ಎರಡು ಬೇಕೋ, ನೀನೇ ಹೇಳು" ಎಂದು ನನ್ನ ತಂಗಿ ಕೇಳಿದಾಗ, "ಇಲ್ಲಿ ಕನ್ನಡದ್ದು ಸಿಗುತ್ತದೇನೇ?" ಎಂದುಬಿಟ್ಟೆ. ಅವಳು ನಕ್ಕು ನಕ್ಕು ಸೋಫಾದ ಮೇಲೆ ಕುಸಿದಳು. ಅವಳು ಕೇಳಿದ್ದು ಪಿಸ್ತೂಲಿನ ಹಿಡಿಯೊಳಗೆ ಕೂರುವ ಉಕ್ಕಿನ ತೆಳುವಾದ ಗೂಡಿನ ವಿಷಯ. ಗುಂಡುಗಳು ಅದರಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ತಳದಲ್ಲಿರುವ ಸ್ಪ್ರಿಂಗು ಅವನ್ನು ಮೇಲಕ್ಕೆ ನೂಕುತ್ತಿರುತ್ತದೆ.

ತಂಗಿ ಮತ್ತು ಅವಳ ಗಂಡ ಅಮೆರಿಕದ ಟೆಕ್ಸಾಸ್ ರಾಜ್ಯದ ಸಣ್ಣದೊಂದು ಊರಿನಲ್ಲಿ, ಹೆದ್ದಾರಿಯ ಪಕ್ಕ, ಮೂವತ್ತೆರಡು ಕೋಣೆಗಳ ಮೋಟೆಲ್ ನಡೆಸುತ್ತಾರೆ. ಅಲ್ಲಿಗೆ ಹೋಗಿ ಇಪ್ಪತ್ತು ವರ್ಷ ದಾಟಿತು, ಈಗ ಆ ದೇಶದ ಪೌರರೇ. ಒಬ್ಬರು ಮಲಗಿದರೆ ಇನ್ನೊಬ್ಬರು ಮುಂದಿನ ಮೇಜಿನಲ್ಲಿ ಕೂರಬೇಕು. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟುವವನು ನಿದ್ದೆಗೆಟ್ಟ ಲಾರಿ ಚಾಲಕನೋ, ಕುಡಿದವನೋ, ಕೈಯಲ್ಲಿ ಏನಾದರೂ ಹಿಡಿದವನೋ, ಬಾಗಿಲು ತೆರೆಯುವವರೆಗೆ ತಿಳಿಯುವುದಿಲ್ಲ. ಆದರೂ ಅವರ ಮನೆಯಲ್ಲಿ ಪಿಸ್ತೂಲು ಇರಲಿಲ್ಲ. 2025ರ ಸೆಪ್ಟೆಂಬರ್ 10ರಂದು ಡಲ್ಲಾಸ್ ನಗರದ ಒಂದು ಮೋಟೆಲಿನಲ್ಲಿ ಕರ್ನಾಟಕ ಮೂಲದ ವ್ಯವಸ್ಥಾಪಕರೊಬ್ಬರನ್ನು ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನೇ ಮಚ್ಚಿನಿಂದ ಕೊಂದ. ಹೆಂಡತಿ ಮಗನ ಕಣ್ಣೆದುರಿಗೇ. ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು, ನಿಮಗೆ ನೆನಪಿರಬಹುದು. ಅದಾದ ಮೇಲೆ ತಂಗಿ ಪಿಸ್ತೂಲು ಕೊಂಡಳು. ನಾನು ರಜೆ ಹಾಕಿ ಹೊರಟೆ.

ಹೊರಟಾಗ ನನ್ನ ಉದ್ದೇಶ ಅವಳಿಗೆ ಬುದ್ಧಿ ಹೇಳುವುದು. ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವಳಿಗೆ ತಂಗಿ ಯಾವ ಲೆಕ್ಕ ಎಂದುಕೊಂಡಿದ್ದೆ. ಆದರೆ ನಾನು ತಲುಪುವಷ್ಟರಲ್ಲಿ ಪಿಸ್ತೂಲು ಬೇಕೋ ಬೇಡವೋ ಎಂಬ ಪ್ರಶ್ನೆ ಮುಗಿದುಹೋಗಿತ್ತು. ಉಳಿದದ್ದು, ದಿನವೂ ಮೈಮೇಲೆ ಎಷ್ಟು ಗುಂಡು ಇಟ್ಟುಕೊಳ್ಳಬೇಕು ಎಂಬುದು. ಅವಳ ಗಂಡ ಎರಡು ಮ್ಯಾಗಜಿನ್ ಹೆಚ್ಚಿಗೆ ಇರಲಿ ಎನ್ನುವ ಪಕ್ಷ. ಅವಳಿಗೆ ಒಂದೂ ಬೇಡವೇನೋ ಎಂಬ ಅನುಮಾನ. ತೀರ್ಪು ಹೇಳಬೇಕಾದವಳು ನಾನು! ದೀಪಾವಳಿಯ ಪಟಾಕಿ ಹಚ್ಚುವಾಗಲೂ ಕಿವಿ ಮುಚ್ಚಿಕೊಳ್ಳುವವಳು.

ಅವಳದು ಸಿಗ್ ಕಂಪನಿಯ ಪಿ 365 ಎಂಬ ಅಂಗೈಯಗಲದ ಪಿಸ್ತೂಲು, 2018ರಲ್ಲಿ ಬಂದ ಮಾದರಿ. ಮ್ಯಾಗಜಿನ್ನಿನಲ್ಲಿ ಹತ್ತು, ನಳಿಗೆಯ ಬುಡದಲ್ಲಿ ಒಂದು, ಒಟ್ಟು ಹನ್ನೊಂದು ಗುಂಡು. ತುಂಬಿದರೆ ಆರುನೂರು ಗ್ರಾಂ ದಾಟುತ್ತದೆ. ಹೆಚ್ಚಿನ ಮ್ಯಾಗಜಿನ್ ಒಂದೊಂದೂ ಇನ್ನೂರು ಗ್ರಾಮಿನೊಳಗೆ. ಕೇಳಲು ಏನೂ ಅಲ್ಲ ಅನ್ನಿ, ಕಾಲು ಕಿಲೋ ಸಕ್ಕರೆಗಿಂತ ಕಡಿಮೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ, ಹಾಸಿಗೆ ಹೊದಿಕೆ ಬದಲಿಸುವಾಗ, ಬಗ್ಗಿ ಬಚ್ಚಲು ತಿಕ್ಕುವಾಗ, ಸೊಂಟಕ್ಕೆ ಒತ್ತಿಕೊಂಡೇ ಇರುವ ಭಾರ ಅದು. ಸೊಂಟದ ಡಾಬು ಹಾಕಿಕೊಂಡು ಒಂದು ಮದುವೆಯ ದಿನ ಕಳೆಯುವುದೇ ಎಷ್ಟು ಕಷ್ಟ ಎಂದು ನಮಗೆ ಗೊತ್ತಿಲ್ಲವೇ?

ಒಂದು ಹೆಚ್ಚಿಗೆ ಇರಲಿ ಎನ್ನುವ ಮಾತು ಹೆಂಗಸರಾದ ನಮಗೆ ಹೊಸದಲ್ಲ. ಪ್ರಯಾಣಕ್ಕೆ ಚಪಾತಿ ಕಟ್ಟುವಾಗ ತಲೆಗೆ ಮೂರು ಎಂದು ಲೆಕ್ಕ ಹಾಕಿ ಮೇಲೆ ನಾಲ್ಕು ಇಡುತ್ತೇವೆ. ಪರ್ಸಿನಲ್ಲಿ ಸೇಫ್ಟಿ ಪಿನ್ನು ಒಂದಲ್ಲ, ಬಳೆಗೆ ಸಿಕ್ಕಿಸಿದ ಒಂದು ಗೊಂಚಲು. ಮಿಕ್ಕ ಚಪಾತಿ ಯಾರನ್ನೂ ಕೊಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ.

ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಇಪ್ಪತ್ತೊಂದು ತುಂಬಿದ, ಕಾನೂನಿನ ಅಡ್ಡಿ ಇಲ್ಲದ ಯಾರೇ ಆಗಲಿ ಪರವಾನಗಿ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಆದರೂ ತಂಗಿ ತರಗತಿಗೆ ಹೋಗಿ, ಪರೀಕ್ಷೆ ಕೊಟ್ಟು ಪರವಾನಗಿ ಪಡೆದಿದ್ದಳು. ಆ ಪರೀಕ್ಷೆಯ ವಿವರ ಕೇಳಿದಾಗ ನನ್ನೊಳಗಿನ ಟೀಚರಿಗೆ ಕುತೂಹಲವಾಯಿತು. ಒಟ್ಟು 50 ಗುಂಡು. 3 ಗಜ ದೂರದಿಂದ 20, 7 ಗಜದಿಂದ 20, 15 ಗಜದಿಂದ 10. 250ಕ್ಕೆ 175 ಬಂದರೆ ಪಾಸು, ಅಂದರೆ ನೂರಕ್ಕೆ 70. ಬಹುಪಾಲು ಅಂಕ ಇರುವುದು 3 ಗಜ, 7 ಗಜದಲ್ಲೇ, ನಮ್ಮ ತರಗತಿಯ ಮೊದಲ ಬೆಂಚು, ಕೊನೆಯ ಬೆಂಚು ಅನ್ನಿ. ಮೂರು ಗಜ, ಮೂರು ಗುಂಡು, ಮೂರು ಸೆಕೆಂಡು ಎಂಬ ಮಾತು ಅಲ್ಲಿಯ ತರಬೇತುದಾರರ ಬಾಯಲ್ಲಿ ಓಡಾಡುತ್ತಿರುತ್ತದಂತೆ. ಹಾಗಾದರೆ ಹನ್ನೊಂದೇ ಹೆಚ್ಚಾಯಿತಲ್ಲ ಎಂದೆ.

ಅದಕ್ಕೆ ತಂಗಿಯ ಗಂಡ ಎರಡು ಕತೆ ಹೇಳಿದರು. ಎರಡೂ ನಡೆದ ಸಂಗತಿಗಳೇ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಎಂಬಲ್ಲಿ ಹೆದ್ದಾರಿ ಪೊಲೀಸರು ನಾಲ್ವರು ಇಬ್ಬರು ದುಷ್ಟರ ಕೈಯಲ್ಲಿ ಸತ್ತರು. ಅವರಲ್ಲೊಬ್ಬ ಖಾಲಿಯಾದ ರಿವಾಲ್ವರಿಗೆ ಬಿಡಿ ಗುಂಡು ತುಂಬುತ್ತಿರುವಾಗಲೇ ಸತ್ತ. ಆರೂ ಗುಂಡನ್ನು ಒಂದೇ ಸಲ ತುಂಬುವ ಸಾಧನವನ್ನು ಪೊಲೀಸರಿಗೆ ಕೊಟ್ಟದ್ದು ಅದಾದ ಮೇಲೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐನವರು ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಅಡ್ಡಗಟ್ಟಿದಾಗ ಇಬ್ಬರು ಅಧಿಕಾರಿಗಳು ಸತ್ತರು, ಐವರು ಗಾಯಗೊಂಡರು. ಕೈಗೆ ಪೆಟ್ಟು ಬಿದ್ದ ಒಬ್ಬರಿಗೆ ರಿವಾಲ್ವರ್ ಮತ್ತೆ ತುಂಬಲು ಆಗಲೇ ಇಲ್ಲ. "ಸಾಲದೆ ಬಂದರೆ ಏನು ಮಾಡ್ತೀರಿ ಅಕ್ಕ?" ಎಂದರು.

ನಾನು ಸುಮ್ಮನಿದ್ದೆ. ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅವರು ಪೊಲೀಸರು. ಕಳ್ಳನ ಹಿಂದೆ ಓಡುವುದು ಅವರ ಸಂಬಳದ ಕೆಲಸ. ನನ್ನ ತಂಗಿಯ ಕೆಲಸ ಹಿಂಬಾಗಿಲಿಂದ ಓಡಿ, ಬೀಗ ಹಾಕಿಕೊಂಡು, 911ಕ್ಕೆ ಫೋನು ಮಾಡುವುದು. ಓಡಲು ಬೇಕಾದಷ್ಟು ಹೊತ್ತು ಸಿಕ್ಕರೆ ಸಾಕು. ಇಬ್ಬರ ಲೆಕ್ಕ ಒಂದೇ ಹೇಗಾಗುತ್ತದೆ?

ಅವಳನ್ನು ಹೆಚ್ಚು ಕಾಡಿದ್ದು ಇನ್ನೊಂದು ಕತೆ. ಟೆಕ್ಸಾಸಿನದೇ. 1991ರ ಅಕ್ಟೋಬರ್ 16ರಂದು ಕಿಲೀನ್ ಎಂಬ ಊರಿನ ಲೂಬೀಸ್ ಎಂಬ ಊಟದ ಮನೆಗೆ ಒಬ್ಬ ಲಾರಿಯಂಥ ಗಾಡಿಯನ್ನೇ ನುಗ್ಗಿಸಿ 23 ಜನರನ್ನು ಕೊಂದ. ಸುಝಾನ್ನಾ ಹಪ್ ಎಂಬಾಕೆ ಅಪ್ಪ ಅಮ್ಮನ ಜೊತೆ ಊಟಕ್ಕೆ ಬಂದಿದ್ದರು. ಆಗಿನ ಕಾನೂನಿಗೆ ಹೆದರಿ ತಮ್ಮ ರಿವಾಲ್ವರನ್ನು ಕಾರಿನಲ್ಲೇ ಬಿಟ್ಟಿದ್ದರು. ತಂದೆ ತಾಯಿ ಇಬ್ಬರೂ ಅಲ್ಲೇ ಸತ್ತರು. ಆಕೆ ಊರೂರು ತಿರುಗಿ ಸಾಕ್ಷ್ಯ ಹೇಳಿದರು. 1995ರಲ್ಲಿ ಟೆಕ್ಸಾಸಿನಲ್ಲಿ ಕಾನೂನೇ ಬದಲಾಯಿತು. ಈ ಕತೆಯಲ್ಲಿ ಆಕೆಗೆ ಬೇಕಾಗಿದ್ದದ್ದು ಹೆಚ್ಚಿನ ಮ್ಯಾಗಜಿನ್ ಅಲ್ಲ, ಕಾರಿನಲ್ಲಿ ಉಳಿದ ಆ ಒಂದು ರಿವಾಲ್ವರ್. ಮೈಮೇಲೆ ಇರುವ ಚಿಕ್ಕದು ಕಾರಿನಲ್ಲಿರುವ ದೊಡ್ಡದಕ್ಕಿಂತ ಮೇಲು ಎಂದು ತಂಗಿ ಅರ್ಥ ಮಾಡಿಕೊಂಡಿದ್ದಳು. ಭಾರ ಹೆಚ್ಚಾದಷ್ಟೂ ಒಂದು ದಿನ ಬೇಸರವಾಗಿ ಎಲ್ಲವನ್ನೂ ಬೀರುವಿನಲ್ಲಿಟ್ಟುಬಿಡುತ್ತೇನೆ, ಕೆಟ್ಟದ್ದು ಬರುವುದು ಅದೇ ದಿನ ಎಂಬುದು ಅವಳ ಭಯ.

ಹಾಗಿದ್ದರೆ ಹೆಚ್ಚಿನದು ಒಂದಾದರೂ ಏಕೆ? ಇದಕ್ಕೆ ಅವಳು ಕೊಟ್ಟ ಉತ್ತರವನ್ನು ನಾನು ಊಹಿಸಿರಲಿಲ್ಲ. ಪಿಸ್ತೂಲಿನಲ್ಲಿ ಬೇಗ ಕೈಕೊಡುವ ಭಾಗ ಮ್ಯಾಗಜಿನ್ನೇ ಅಂತೆ. ಕೆಳಗೆ ಬಿದ್ದರೆ ಅದರ ಬಾಯಿಯ ಅಂಚು ಸೊಟ್ಟಗಾಗುತ್ತದೆ. ಒಳಗೆ ನೂಲು, ಧೂಳು ಸೇರಿದರೆ ಗುಂಡು ಮೇಲೇರುವುದಿಲ್ಲ. ಗಾಬರಿಯಲ್ಲಿ ಗುಂಡಿ ಅದುಮಿದರೆ ಮ್ಯಾಗಜಿನ್ ಕಳಚಿ ನೆಲಕ್ಕೆ ಬೀಳಬಹುದು. ಎರಡು ಗುಂಡು ಒಟ್ಟಿಗೆ ನುಗ್ಗಿ ಸಿಕ್ಕಿಕೊಂಡರಂತೂ ಇದ್ದದ್ದನ್ನು ಕಿತ್ತು, ಸಿಕ್ಕಿದ್ದನ್ನು ಉದುರಿಸಿ, ಬೇರೆಯದನ್ನು ಹಾಕುವುದೇ ದಾರಿ. "ಹತ್ತು ಗುಂಡು ಸಾಲದೆ ಬರುತ್ತೆ ಅಂತ ಅಲ್ಲ ಅಕ್ಕ, ಹತ್ತೂ ಹೊರಗೆ ಬರದೇ ಹೋದರೆ ಅಂತ" ಎಂದಳು. ಇದು ನನಗೆ ಕೂಡಲೇ ಅರ್ಥವಾಯಿತು. ನಾನು ತರಗತಿಗೆ ಎರಡು ಸೀಮೆಸುಣ್ಣ ಒಯ್ಯುವುದು ಒಂದು ಸವೆದುಹೋಗುತ್ತದೆ ಎಂದಲ್ಲ, ಮುರಿದು ಬೆಂಚಿನಡಿಗೆ ಉರುಳುತ್ತದೆ ಎಂದು. ಆದರೆ ಆ ಕಾರಣಕ್ಕೆ ಯಾರೂ ಪೆಟ್ಟಿಗೆಯನ್ನೇ ಹೊತ್ತು ಹೋಗುವುದಿಲ್ಲ.

ಎರಡನೆಯದನ್ನು ನಾನು ವಿರೋಧಿಸಿದ್ದು ಗೋಡೆಯ ಕಾರಣಕ್ಕೆ. ಅಲ್ಲಿನ ಗೋಡೆ ನಮ್ಮ ಇಟ್ಟಿಗೆಯದಲ್ಲ, ಮರದ ಚೌಕಟ್ಟಿಗೆ ಎರಡೂ ಕಡೆ ಜಿಪ್ಸಮ್ ಹಲಗೆ ಹೊಡೆದದ್ದು. ಪಕ್ಕದ ಕೋಣೆಯವರು ಕೆಮ್ಮಿದರೆ ಕೇಳುತ್ತದೆ. ಅಂಥ ಗೋಡೆಯನ್ನು ಪಿಸ್ತೂಲಿನ ಗುಂಡು ದಾಟಿ ಹೋಗುತ್ತದೆ. ಮುಂದಿನ ಮೇಜಿನ ನೇರಕ್ಕೆ, ಬಾಗಿಲಿನ ಎಡಗಡೆ, ಒಂದನೆಯ ನಂಬರಿನ ಕೋಣೆ. ನಾನಿದ್ದ ವಾರ ಅದರಲ್ಲಿ ಒಬ್ಬಳು ತಾಯಿ, ಎರಡು ಮಕ್ಕಳು ಇಳಿದಿದ್ದರು. ಹಾಡಹಗಲು, ಕಾಗದದ ಗುರಿಗೆ, ಯಾರೂ ತಿರುಗಿ ಹೊಡೆಯದಿದ್ದಾಗಲೂ ನೂರಕ್ಕೆ 70 ಸಾಕು ಎನ್ನುತ್ತದೆ ಪರೀಕ್ಷೆ. ನಡುರಾತ್ರಿ, ಕೈ ನಡುಗುವಾಗ, ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ? ಇದನ್ನು ಕೇಳಿದಾಗ ತಂಗಿಯ ಗಂಡ ಎದ್ದು ಹೋಗಿ ಆ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ ಬಂದು ಕೂತರು. ಮರುವಾರ ಮೇಜನ್ನು ತಿರುಗಿಸಿ ಹಾಕಿದರು. ಈಗ ಎದುರಿಗೆ ಇರುವುದು ಖಾಲಿ ಕಾರ್ ನಿಲ್ಲಿಸುವ ಜಾಗ.

ಆ ರಾತ್ರಿ ನಮಗಿಬ್ಬರಿಗೂ ಅಪ್ಪನ ನೆನಪು ಬಂತು. ಅಪ್ಪ ಕೊಡಗಿನ ಕಾಫಿ ತೋಟವೊಂದರಲ್ಲಿ ರೈಟರ್. ಸಾಹುಕಾರರು ಕೊಡವರು, ಮನೆಯಲ್ಲಿ ಜೋಡಿನಳಿಗೆಯ ಕೋವಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವುದನ್ನು ನೋಡುತ್ತ ಬೆಳೆದವರು ನಾವು. ಕೋವಿ ಎಂದರೆ ನಮಗೆ ಭೂತವೇನೂ ಅಲ್ಲ. ಆನೆ ಬಂದ ರಾತ್ರಿ ಸಾಹುಕಾರರು ಕಾವಲಿನವನಿಗೆ ಎರಡು ತೋಟಾ ಎಣಿಸಿ ಕೊಡುತ್ತಿದ್ದರು, ಆಕಾಶಕ್ಕೆ ಹಾರಿಸಿ ಬೆದರಿಸಲು. ಬೆಳಿಗ್ಗೆ ಆ ಎರಡೂ, ಇಲ್ಲವೇ ಖಾಲಿ ಚಿಪ್ಪು ವಾಪಸು ಬರಬೇಕು. ಅಪ್ಪ ಮಸ್ಟರ್ ರೋಲಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದರು: ಕೊಟ್ಟದ್ದು 2, ಬಂದದ್ದು 2. "ಅಪ್ಪ ಇದ್ದಿದ್ದರೆ ಹತ್ತಕ್ಕೂ ಸಹಿ ಹಾಕಿಸಿಕೊಳ್ತಿದ್ರು" ಎಂದಳು ತಂಗಿ.

ಪರ್ಸಿನಲ್ಲಿ ಪಿಸ್ತೂಲು ಇಡುವ ಮಾತನ್ನು ಮಾತ್ರ ನಾನು ಬಾಯಿ ಬಿಡಲೂ ಬಿಡಲಿಲ್ಲ. 2014ರ ಡಿಸೆಂಬರ್ 30ರಂದು ಐಡಹೋ ರಾಜ್ಯದ ಹೇಡನ್ ಎಂಬಲ್ಲಿ ಅಂಗಡಿಗೆ ಬಂದಿದ್ದ ತಾಯಿಯ ಪರ್ಸಿಗೆ ಎರಡು ವರ್ಷದ ಮಗ ಕೈಹಾಕಿದ. ಅವಳು ಅಲ್ಲೇ ಸತ್ತಳು. ಅಲ್ಲಿನ ಅಮ್ಮಂದಿರೂ ನಮ್ಮಂತೆಯೇ, ಪರ್ಸು ಎಂದರೆ ಮಗುವಿಗೆ ಬಿಸ್ಕತ್ತು ಸಿಗುವ ಜಾಗ. ತಂಗಿಗೆ ಮೊಮ್ಮಗ ಬರುವ ಸೂಚನೆ ಇದೆ. ಅದಕ್ಕೇ ಮೈಮೇಲಿಲ್ಲದ ಹೊತ್ತಿನಲ್ಲಿ ಎಲ್ಲವೂ ಬೀಗದ ಪೆಟ್ಟಿಗೆಯೊಳಗೆ, ಹೆಚ್ಚಿನ ಮ್ಯಾಗಜಿನ್ ಕೂಡ.

ಕೊನೆಗೆ ಒಂದು ಎಂದು ತೀರ್ಮಾನವಾಯಿತು. ಬಲ ಸೊಂಟಕ್ಕೆ ಪಿಸ್ತೂಲು, ಎಡಗಡೆಗೆ ಒಂದು ಮ್ಯಾಗಜಿನ್. ಎರಡನೆಯದರ ಜಾಗದಲ್ಲಿ ರಕ್ತ ನಿಲ್ಲಿಸಲು ಕೈಗೋ ಕಾಲಿಗೋ ಬಿಗಿದು ಕಟ್ಟುವ ಪಟ್ಟಿ. ತರಗತಿಯಲ್ಲಿ ಅದನ್ನು ಕಟ್ಟಲು ಕಲಿಸಿದ್ದರಂತೆ. "ನನಗೆ ತಗುಲಿದರೂ ಬೇಕು, ಅವನಿಗೆ ತಗುಲಿದರೂ ಬೇಕು" ಎಂದಳು. ಅವನು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಇನ್ನೂ ಬಾರದವನು, ಬಾರದೇ ಹೋಗಲಿ ಎಂದು ನಾನು ದಿನವೂ ದೀಪ ಹಚ್ಚುವಾಗ ಬೇಡಿಕೊಳ್ಳುವವನು.

ರಾತ್ರಿ ಪಾಳಿಗೆ ಹಾಕಿಕೊಳ್ಳುವ ಅವಳ ಕೋಟಿಗೆ ಎಡಗಡೆ ಒಳಜೇಬು ಹೊಲಿದುಕೊಡು ಎಂದಳು. ನನ್ನ ರೇಷ್ಮೆ ಸೀರೆಯ ರವಿಕೆ ತುಂಡು ಮಿಕ್ಕಿತ್ತು. ರೇಷ್ಮೆ ಜಾರುತ್ತದೆ ಎಂದು ಬಿಟ್ಟು, ಅವಳ ಹಳೆಯ ಜೀನ್ಸಿನ ಬಟ್ಟೆಯನ್ನೇ ಕತ್ತರಿಸಿ, ಮ್ಯಾಗಜಿನ್ ನೆಟ್ಟಗೆ ನಿಲ್ಲುವಂತೆ ನಡುವೆ ಒಂದು ಹೊಲಿಗೆ ಓಡಿಸಿ, ನೂಲು ಧೂಳು ಬೀಳದ ಹಾಗೆ ಮೇಲೊಂದು ಮಡಿಕೆ ಇಟ್ಟೆ. ಪಕ್ಕದಲ್ಲಿ ಆ ಪಟ್ಟಿಗೆ ಅಗಲವಾದ ಇನ್ನೊಂದು ಜೇಬು. ತಂಗಿಯ ಗಂಡ ನೋಡಿ, "ಬಟ್ಟೆ ಇನ್ನೂ ಇದೆಯಲ್ಲ ಅಕ್ಕ, ಇನ್ನೊಂದು ಚಿಕ್ಕದು ಹೊಲಿದುಬಿಡಿ" ಎಂದರು. ಉಳಿದ ಬಟ್ಟೆಯಲ್ಲಿ ನಾನು ಪಾತ್ರೆ ಇಳಿಸಲು ಎರಡು ಮಸಿಬಟ್ಟೆ ಹೊಲಿದೆ.