ಕೈಗೆ ಒಗ್ಗಿದ ಬಿಲ್ಲೆ

ನಮ್ಮ ನೆಗೆಣ್ಣಿಯದು ತಪ್ಪೆಂದು ನಾನಂತೂ ಹೇಳಲಾರೆ. ಅಮೆರಿಕದಿಂದ ಬಂದ ಮಗಳ ಚೀಲ ಬಿಚ್ಚಿದಾಗ ಸ್ವೆಟರು, ಚಾಕಲೇಟು, ಗುಳಿಗೆ ಡಬ್ಬಿಗಳ ನಡುವೆ ಬಣ್ಣಬಣ್ಣದ ಹನ್ನೆರಡು ಪ್ಲಾಸ್ಟಿಕ್ ತಾಟು ಸಿಕ್ಕರೆ ಯಾರಾದರೂ ಏನೆಂದುಕೊಳ್ಳಬೇಕು? ಆಕೆ ಅವನ್ನು ಚೆನ್ನಾಗಿ ತೊಳೆದು, ಒರೆಸಿ, ಸಂಜೆ ಮಗಳನ್ನು ನೋಡಲು ಬಂದ ಓಣಿಯ ಹೆಣ್ಣುಮಕ್ಕಳಿಗೆಲ್ಲ ಅದರಲ್ಲೇ ಸುಸಲಾ ಹಾಕಿ ಕೊಟ್ಟಳು. ಸ್ನಾನ ಮುಗಿಸಿ ಹೊರಗೆ ಬಂದ ಮಗಳು ಕಿಟಾರನೆ ಕಿರುಚಿದಳು.

"ಅವ್ವಾ, ಅವು ತಾಟಲ್ಲ! ಒಗಿಯೂ ಡಿಸ್ಕ್ ಅವು!"

ಬೀದರಿನ ಹೆಣ್ಣುಮಕ್ಕಳು ಅಷ್ಟಕ್ಕೆಲ್ಲ ಗಾಬರಿಯಾಗುವವರಲ್ಲ. ಎದುರುಮನೆಯ ಅಕ್ಕ ನಿಧಾನವಾಗಿ ತುತ್ತು ನುಂಗಿ, "ಅದಕ್ಕs ಅಂತೀನಿ, ಅಂಚು ಒಳಗ ಮಡಚ್ಯಾವ, ಸುಸಲಾ ಸಿಕ್ಕೊಳ್ಳಲತ್ತದ" ಎಂದಳು. ಮನೆಯೆಲ್ಲ ನಗು.

ಆ ಮೇಲೆ ಮಗಳು ಕೂತು ತಿಳಿಸಿ ಹೇಳಿದಳು. ಗಾಲ್ಫ್ ಆಟದಲ್ಲಿ ಕೋಲಿನಿಂದ ಚೆಂಡು ಹೊಡೆದು ಗುಂಡಿಗೆ ಬೀಳಿಸುತ್ತಾರಲ್ಲ, ಇಲ್ಲಿ ಕೋಲಿಲ್ಲ, ಗುಂಡಿಯಿಲ್ಲ. ಕೈಯಿಂದ ಈ ತಟ್ಟೆ ಎಸೆಯಬೇಕು. ದೂರದಲ್ಲಿ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಯೊಂದು ನಿಂತಿರುತ್ತದೆ, ಅದರೊಳಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಇದಕ್ಕೆ ಡಿಸ್ಕ್ ಗಾಲ್ಫ್ ಎನ್ನುತ್ತಾರೆ. ಎಡ್ ಹೆಡ್ರಿಕ್ ಎಂಬುವವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಇದಕ್ಕೊಂದು ಅಂಗಳ ಮಾಡಿದರಂತೆ. ಅದಕ್ಕೂ ಹಿಂದೆ, ಕನೆಕ್ಟಿಕಟ್ಟಿನಲ್ಲಿ ಫ್ರಿಸ್ಬಿ ಎಂಬ ಬೇಕರಿಯವರ ಸಿಹಿ ತಿಂಡಿ ತಿಂದು, ಖಾಲಿಯಾದ ತಗಡಿನ ತಾಟನ್ನು ಹುಡುಗರು ಒಬ್ಬರಿಗೊಬ್ಬರು ಎಸೆದಾಡುತ್ತಿದ್ದರು. 'ಫ್ರಿಸ್‌ಬೀ' ಎಂಬ ಹೆಸರು ಬಂದದ್ದೇ ಅಲ್ಲಿಂದ. ಇದನ್ನು ಕೇಳಿದ ಕೂಡಲೇ ನಮ್ಮ ನೆಗೆಣ್ಣಿ ಗೆದ್ದವಳಂತೆ ಸೆರಗು ಸರಿಮಾಡಿಕೊಂಡಳು. "ಹಾಂಗಾದರ ಮೂಲದಾಗ ಅದು ತಾಟೇ ಅಲ್ಲೇನು?"

ಸರಿ, ಎಸೆಯುವುದಕ್ಕೆ ಒಂದು ಸಾಲದೆ? ಹನ್ನೆರಡು ಯಾಕೆ? ನಾನು ಹಾಗೆ ಕೇಳಿದ್ದಕ್ಕೆ ಮಗಳು ನಮ್ಮ ಅಡುಗೆಮನೆಯ ಗೋಡೆಗೆ ನೇತುಹಾಕಿದ ಸೌಟುಗಳ ಕಡೆ ಕೈ ತೋರಿಸಿದಳು. ಸಾರಿಗೊಂದು, ಅನ್ನಕ್ಕೊಂದು, ಕರಿಯುವುದಕ್ಕೊಂದು. ಉತ್ತರ ಸಿಕ್ಕಿತು.

ಒಂದೊಂದು ತಟ್ಟೆಗೂ ಕಂಪನಿಯವರು ನಾಲ್ಕು ಅಂಕಿ ಕೊಟ್ಟಿರುತ್ತಾರೆ. ಮೊದಲನೆಯದು ಓಟ: ಎಷ್ಟು ಜೋರಾಗಿ ಎಸೆದರೆ ಅದು ತನ್ನ ಗುಣದಂತೆ ಹಾರುತ್ತದೆ ಎಂಬುದು. ಎರಡನೆಯದು ತೇಲುವ ಗುಣ. ಮೂರನೆಯದು, ಜೋರಿನಲ್ಲಿರುವಾಗ ಎಷ್ಟು ಹೊರಳುತ್ತದೆ. ನಾಲ್ಕನೆಯದು, ಜೋರು ತಗ್ಗಿದ ಮೇಲೆ ಎಷ್ಟು ಬಾಗಿ ಇಳಿಯುತ್ತದೆ. ಬಲಗೈಯವರು ಎದೆಯ ಮುಂದಿನಿಂದ ಬೀಸಿ ಎಸೆದರೆ ತಟ್ಟೆ ಮೊದಲು ಬಲಕ್ಕೆ ಹೊರಳಿ, ಕೊನೆಗೆ ಎಡಕ್ಕೆ ಇಳಿಯುತ್ತದೆ. ಏವಿಯಾರ್ ಎಂಬ ತಟ್ಟೆಗೆ 2, 3, 0, 1. ನಿಧಾನದ್ದು, ನೇರ ಸ್ವಭಾವದ್ದು, ಬುಟ್ಟಿಯ ಹತ್ತಿರ ಬಂದಾಗ ಬಳಸುವಂಥದ್ದು. ಡೆಸ್ಟ್ರಾಯರ್ ಎಂಬುದಕ್ಕೆ 12, 5, -1, 3. ತೋಳಿನಲ್ಲಿ ಕಸುವಿದ್ದವರಿಗೆ ದೂರ ಹೋಗುತ್ತದೆ. ಇಲ್ಲದವರು ಎಸೆದರೆ ಮೊದಲ ಹೊರಳು ಆಗುವುದೇ ಇಲ್ಲ, ಎಡಕ್ಕೆ ಮುಗ್ಗರಿಸಿ ನೆಲಕ್ಕೆ ಬೀಳುತ್ತದೆ. ಅಂದರೆ ಅಂಕಿ ದೊಡ್ಡದಾದಷ್ಟೂ ತಟ್ಟೆ ಒಳ್ಳೆಯದು ಎಂದಲ್ಲ. ಅದು ಎಸೆಯುವವರಿಂದ ಹೆಚ್ಚು ಕೇಳುತ್ತದೆ, ಅಷ್ಟೆ.

ಅಂಕಿಯಲ್ಲಿ ಬರದ ಗುಣಗಳೂ ಇವೆ. ಜೋರಿನ ತಟ್ಟೆಗಳ ಅಂಚು ಅಗಲ, ಸಣ್ಣ ಕೈಯ ಬೆರಳು ಅದನ್ನು ಸುತ್ತಿ ಹಿಡಿಯಲಾರವು. ಕೆಲವು ಮೆತ್ತಗೆ, ಅಂಗೈಗೆ ಅಂಟಿದಂತೆ ಕೂರುತ್ತವೆ. ಕೆಲವು ಬಿರುಸು, ಬೆವರಿದ ಕೈಯಿಂದ ಜಾರುತ್ತವೆ. ತಿಂಗಳುಗಟ್ಟಲೆ ಮರಕ್ಕೆ, ನೆಲಕ್ಕೆ ಬಡಿದು ಸವೆದ ತಟ್ಟೆಯ ಹಾರಾಟವೇ ಬದಲಾಗುತ್ತದೆ. ಕಡಿಮೆ ಜೋರಿಗೇ ಹೊರಳಲು ಕಲಿಯುತ್ತದೆ. ಆದ್ದರಿಂದ ಸವೆದದ್ದನ್ನು ಯಾರೂ ಎಸೆದುಬಿಡುವುದಿಲ್ಲವಂತೆ. ನಮ್ಮ ಬೀದರಿನ ಬಿದರಿ ಕೆಲಸದವರು ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ ಎಂದು ಕೇಳಿದ್ದೇನೆ. ನನ್ನ ಅವ್ವ ಸಂತೆಯಲ್ಲಿ ರೊಟ್ಟಿಯ ಹಂಚನ್ನು ಬೆರಳಗಣ್ಣಿನಿಂದ ತಟ್ಟಿ, ನಾದ ಕೇಳಿ ಕೊಳ್ಳುತ್ತಿದ್ದಳು. ಅಂಕಿ ಎಷ್ಟೇ ಹೇಳಲಿ, ಕೊನೆಯ ಮಾತು ಕೈಯದೇ.

ಇದನ್ನು ನನಗೆ ಮೊದಲು ಕಲಿಸಿದ್ದು ಔರಾದಿನ ನಮ್ಮ ಆಯಿ. ತವರಿನ ಅಂಗಳದಲ್ಲಿ ನಾವು ಕುಂಟಾಬಿಲ್ಲೆ ಆಡುತ್ತಿದ್ದೆವು. ಒಡೆದ ಗಡಿಗೆಯ ಬೋಕಿಯೇ ನಮ್ಮ ಬಿಲ್ಲೆ. ತೀರ ತೆಳ್ಳಗಿದ್ದರೆ ಪುಟಿದು ಗೆರೆ ದಾಟುತ್ತದೆ, ದಪ್ಪಗಿದ್ದರೆ ಕುಂಟುಗಾಲಿನಿಂದ ಒದ್ದಾಗ ಸರಿಯುವುದಿಲ್ಲ. ಗಡಿಗೆಯ ಹೊಟ್ಟೆಯ ಭಾಗದ್ದು ಡೊಂಕಾಗಿ ತಿರುಗುತ್ತದೆ, ತಳದ್ದು ಸಪಾಟಾಗಿ ಕೂರುತ್ತದೆ. ಆಯಿ ಹತ್ತು ಬೋಕಿ ಮುಂದಿಟ್ಟು, "ಕಣ್ಣು ಮುಚ್ಚಿ ಹಿಡಿ. ಚೆಂದ ನೋಡಬ್ಯಾಡ, ಕೈಗೆ ಕೇಳು" ಎನ್ನುತ್ತಿದ್ದಳು. ಆರಿಸಿದ ಬೋಕಿಯ ಅಂಚನ್ನು ಬಾವಿಯ ಕಲ್ಲಿಗೆ ಉಜ್ಜಿ ದುಂಡಗೆ ಮಾಡಿಕೊಳ್ಳುತ್ತಿದ್ದೆವು. ಆಗ ನನ್ನ ಕೈ ಎಲ್ಲವನ್ನೂ ಬಲ್ಲದು ಎಂಬ ನಂಬಿಕೆ ನನಗಿತ್ತು.

ಆ ನಂಬಿಕೆ ಹೋದದ್ದು ಭಾಲ್ಕಿಯಲ್ಲಿ. ಹೈಸ್ಕೂಲು ಓದಲು ಅಲ್ಲಿನ ಸೋದರಮಾವನ ಮನೆಯಲ್ಲಿದ್ದೆ. 1974, ಒಂಬತ್ತನೆಯ ತರಗತಿ. ತಾಲ್ಲೂಕು ಆಟೋಟಕ್ಕೆ ಹುಡುಗಿಯರನ್ನು ಆರಿಸುವಾಗ ಡ್ರಿಲ್ ಮಾಸ್ತರರು ಚಕ್ರ ಎಸೆತಕ್ಕೆ ನನ್ನ ಹೆಸರು ಬರೆದುಕೊಂಡರು. ಶಾಲೆಯಲ್ಲಿದ್ದದ್ದು ಒಂದೇ ಚಕ್ರ, ಕಟ್ಟಿಗೆಯದು, ಸುತ್ತ ಕಬ್ಬಿಣದ ಪಟ್ಟಿ. ನನ್ನ ಬೆರಳು ಅದರ ಅಂಚಿಗೆ ತಲುಪುತ್ತಿರಲಿಲ್ಲ. ಒಂದು ವಾರ ಎಸೆದೆ. ಎಂಟು ಮೀಟರು ದಾಟಲಿಲ್ಲ. ಭುಜ ಹಿಡಿದುಕೊಂಡು ಜಡೆ ಹಾಕಿಕೊಳ್ಳಲೂ ಆಗದಾಯಿತು. ಮಾಸ್ತರರು ಬಯ್ಯಲಿಲ್ಲ. ಕರುಣೆಯಿಂದಲೇ, "ನಿನ್ನ ಕೈಯಾಗ ಶಕ್ತಿ ಇಲ್ಲವ್ವ, ಬಿಡು" ಎಂದು ಹೆಸರು ಹೊಡೆದುಹಾಕಿದರು.

ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ ಕರುಣೆಯ ಮಾತು ಮಾತ್ರ ಒಳಗೆ ಕೂತುಬಿಟ್ಟಿತು. ಯಜಮಾನರು ಸ್ಕೂಟರ್ ಕಲಿಸಲು ಬಂದಾಗ 'ನನ್ನ ಕೈಲಾಗದು' ಎಂದೆ. ಮುಖ್ಯೋಪಾಧ್ಯಾಯಿನಿಯ ಹೊಣೆ ವಹಿಸಲು ಕರೆದಾಗಲೂ ಅದನ್ನೇ ಎಂದೆ. ನಮ್ಮಲ್ಲಿ ಎಷ್ಟು ಜನ ಹೀಗೆ ಯಾರದೋ ಒಂದು ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗುತ್ತೇವೆ, ನೀವೇ ಹೇಳಿ.

1986ರಲ್ಲಿ ನಾನು ಬೀದರಿನ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದಾಗ ಆಟದ ಸಾಮಾನಿನ ಪೆಟ್ಟಿಗೆ ಬಂತು. ಅದರಲ್ಲಿ ಎರಡು ಚಕ್ರ, ಒಂದು ದೊಡ್ಡದು, ಒಂದು ಸಣ್ಣದು. "ಇದೇನ್ರಿ, ಮರಿ ಹಾಕಿದಂಗ ಅದ" ಎಂದು ನಾನು ನಕ್ಕರೆ, ಆಟದ ಟೀಚರಮ್ಮ, "ಸಣ್ಣದು ಹೆಣ್ಣುಮಕ್ಕಳದು. ಗಂಡಸರದು 2 ಕಿಲೋ, ಹೆಂಗಸರದು 1 ಕಿಲೋ. ಅಡ್ಡಳತೆನೂ ಅವರದು 22 ಸೆಂಟಿಮೀಟರು, ನಮ್ಮದು 18" ಎಂದರು. ಎಲ್ಲರೂ ಹೋದ ಮೇಲೆ ಸಣ್ಣ ಚಕ್ರವನ್ನು ಕೈಗೆತ್ತಿಕೊಂಡೆ. ಬೆರಳ ಗಿಣ್ಣುಗಳು ತಾವಾಗಿಯೇ ಅಂಚಿನ ಮೇಲೆ ಕೂತವು, ಆ ಬೋಕಿಯ ಹಾಗೆ. ಹೆಂಗಸರ ಚಕ್ರ ಎಸೆತ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲೇ ಇತ್ತೆಂದು ಆಮೇಲೆ ಓದಿದೆ. ನನ್ನ ಭಾಲ್ಕಿಯ ವಾರಕ್ಕಿಂತ 46 ವರ್ಷ ಮೊದಲು! ಆ ಸಾಮಾನು ಕೋಣೆಯಲ್ಲಿ ನಿಂತು ಅತ್ತದ್ದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ. ಕಸುವಿಲ್ಲದ್ದು ಕೈಯಲ್ಲಿ ಅಲ್ಲ. ಕೈಗೆ ಕೊಟ್ಟ ವಸ್ತುವೇ ಬೇರೆಯವರದಾಗಿತ್ತು. ಅಂದಿನಿಂದ ನಿವೃತ್ತಿಯಾಗುವವರೆಗೆ ಪ್ರತಿ ವರ್ಷ ಆಟೋಟಕ್ಕೆ ಮೊದಲು ಚಕ್ರವನ್ನು ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಯಲ್ಲಿ ತೂಗಿಸಿ ತರುತ್ತಿದ್ದೆ. ಅಂಗಡಿಯವ "ಟೀಚರೇ, ಬ್ಯಾಳಿ ಬ್ಯಾಡೇನ್ರಿ?" ಎಂದು ನಗುತ್ತಿದ್ದ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಕೃಷ್ಣಾ ಪೂನಿಯಾ 61.51 ಮೀಟರು ಎಸೆದು ಚಿನ್ನ ಗೆದ್ದಾಗ, ಬೆಳ್ಳಿ, ಕಂಚೂ ನಮ್ಮ ಹೆಣ್ಣುಮಕ್ಕಳಿಗೇ ಬಂದಾಗ, ಟಿವಿಯ ಮುಂದೆ ಕೂತು ಕೈ ನೋಡಿಕೊಂಡಿದ್ದೆ.

ಇಷ್ಟೆಲ್ಲ ಮತ್ತೆ ನೆನಪಾದದ್ದು ಹೋದ ಡಿಸೆಂಬರಿನಲ್ಲಿ, ಔರಾದಿನ ತಮ್ಮನ ಹೊಲದಲ್ಲಿ. ಸೋಯಾ ರಾಶಿ ಮುಗಿದು ಹೊಲ ಬಯಲಾಗಿತ್ತು. ಅಳಿಯಂದಿರು ಹತ್ತು ವರ್ಷದ ಮೊಮ್ಮಗಳ ಕೈಗೆ ತಮ್ಮ ಡೆಸ್ಟ್ರಾಯರ್ ಕೊಟ್ಟರು. ತಮಗೆ ಪ್ರಿಯವಾದದ್ದನ್ನೇ ಮಗಳಿಗೆ ಕೊಟ್ಟದ್ದು, ಅದೂ ಪ್ರೀತಿಯೇ. ಹುಡುಗಿ ಬೀಸಿ ಎಸೆದಳು, ಎಡಕ್ಕೆ ಬಿತ್ತು. ಮತ್ತೆ ಎಸೆದಳು; ಮತ್ತೆ ಬಿತ್ತು. ಐದನೆಯ ಸಲಕ್ಕೆ ಅವರು, "ನಿನಗ ಇನ್ನೂ ಆಗಂಗಿಲ್ಲ, ಬಿಡು ಪುಟ್ಟಿ" ಎಂದು ಮೆಲ್ಲಗೆ ಹೇಳಿದರು. ಹುಡುಗಿ ಎರಡೂ ಕೈ ಬೆನ್ನ ಹಿಂದೆ ಮುಚ್ಚಿಕೊಂಡಳು.

ನನಗೆ ಕೂತಿರಲು ಆಗಲಿಲ್ಲ. ಕೌದಿ ಹಾಸಿ ಹನ್ನೆರಡೂ ತಟ್ಟೆಗಳನ್ನು ಅದರ ಮೇಲೆ ಹರವಿದೆ. "ಕಣ್ಣು ಮುಚ್ಚು. ಒಂದೊಂದೇ ಹಿಡಿ. ಬಣ್ಣ ನೋಡಬ್ಯಾಡ, ಕೈಗೆ ಕೇಳು" ಎಂದೆ.

"ಕೈ ಮಾತಾಡ್ತದೇನು ಆಯಿ?"

"ಮಾತಾಡ್ತದ. ಯಾರೂ ಕೇಳಂಗಿಲ್ಲ, ಅಷ್ಟೆ."

ಹುಡುಗಿ ಏಳೆಂಟು ಹಿಡಿದು ಕೆಳಗಿಟ್ಟಳು. ಒಂದನ್ನು ಮಾತ್ರ ಬಿಡಲಿಲ್ಲ. ಕಣ್ಣು ತೆರೆದು ನೋಡಿದರೆ ಎಲ್ಲಕ್ಕಿಂತ ಮಾಸಿದ, ಅಂಚೆಲ್ಲ ಗೀರುಬಿದ್ದ ತಟ್ಟೆ. ಮಗಳು ಅದನ್ನು ತಿರುವಿ ಹಾಕಿ ಸುಮ್ಮನೆ ನಿಂತಳು. ಆಕೆ ಆಟ ಕಲಿತದ್ದೇ ಅದರಿಂದಂತೆ. ಲೆಪರ್ಡ್, 150 ಗ್ರಾಂ. 6, 5, -2, 1. ತೂಕ ಕಡಿಮೆ, ಅಂಚು ಸಣ್ಣದು, ಮೆಲ್ಲಗೆ ಎಸೆದರೂ ತೇಲುವಂಥದ್ದು. "ಎದುರುಗಾಳಿಗೆ ಬಲಕ್ಕೆ ಹೊರಳ್ತದ, ಗಾಳಿಗೆ ಬೆನ್ನು ಮಾಡಿ ಒಗಿ" ಎಂದು ಅಳಿಯಂದಿರೇ ಮುಂದೆ ಬಂದು ನಿಲ್ಲಿಸಿ ತೋರಿಸಿದರು. ಹುಡುಗಿ ಎಸೆದಳು. ತಟ್ಟೆ ಒಂದಿಷ್ಟು ಬಲಕ್ಕೆ ಹೊರಳಿ, ತೇಲಿ, ಕೊನೆಗೆ ಮೆಲ್ಲಗೆ ಎಡಕ್ಕೆ ಬಾಗಿ ಬದುವಿನ ಹತ್ತಿರ ಇಳಿಯಿತು. ಬಹಳ ದೂರವೇನಲ್ಲ. ಆದರೆ ಹಾರಿತು. ಮರುಎಸೆತ ಪಕ್ಕದ ಕಡಲೆ ಹೊಲಕ್ಕೆ ಹೋಗಿ ನನ್ನ ತಮ್ಮನಿಂದ ಬೈಸಿಕೊಂಡದ್ದು ಬೇರೆ ಮಾತು.

ಆಮೇಲೆ ನಾನೂ ಏವಿಯಾರ್ ಹಿಡಿದು ನಿಂತೆ. ಸೆರಗು ಸಿಕ್ಕಿಸಿಕೊಂಡು ಬೀಸಿದೆ. ಮೂವತ್ತು ಹೆಜ್ಜೆಯಷ್ಟು ದೂರ, ನೇರವಾಗಿ ಹೋಯಿತು. ರಾತ್ರಿ ಭುಜಕ್ಕೆ ಅಮೃತಾಂಜನ ಹಚ್ಚಿಕೊಳ್ಳುತ್ತ ಮಲಗಿದೆ. ಈ ನೋವು ಆ ಭಾಲ್ಕಿಯ ನೋವಿನಂಥದ್ದಲ್ಲ.

ಹೊರಡುವ ದಿನ ಮೊಮ್ಮಗಳು ಏವಿಯಾರನ್ನು ನನಗೇ ಬಿಟ್ಟು, ಅದರ ಬದಲಿಗೆ ಔರಾದಿನ ಅಂಗಳದಲ್ಲಿ ಆರಿಸಿದ ಬೋಕಿಯೊಂದನ್ನು ಚೀಲಕ್ಕೆ ಹಾಕಿಕೊಂಡಳು. ಅದರ ಬೆನ್ನಿಗೆ ಸ್ಕೆಚ್ ಪೆನ್ನಿನಿಂದ ಏನೋ ಬರೆದಿದ್ದಳು. ಕನ್ನಡಕ ಹಾಕಿಕೊಂಡು ನೋಡಿದೆ: 1, 0, 0, 0.

ಓಟ ಒಂದು, ತೇಲುವುದು ಸೊನ್ನೆ, ಹೊರಳು ಸೊನ್ನೆ, ಬಾಗು ಸೊನ್ನೆ. ಲೆಕ್ಕ ಸರಿಯಾಗಿಯೇ ಇದೆ.