ಮುಂಭಾರ

ಹಳೇ ಹಾಯಿದೋಣಿ ಕೊಂಡವರನ್ನು ಕೇಳಿ ನೋಡಿ, ನೀರಿಗಿಂತ ರಸ್ತೆಯದೇ ದೊಡ್ಡ ಕಥೆ ಅಂತಾರೆ. ಹೋದ ತಿಂಗಳು ನಮ್ಮ ಮನೆಗೂ ಒಂದು ಬಂತು. ಹೆಸರು ಓಡೇ ಡೇ ಸೇಲರ್. 1950ರ ದಶಕದಲ್ಲಿ ಇಂಗ್ಲೆಂಡಿನ ಉಫ್ಫಾ ಫಾಕ್ಸ್ ವಿನ್ಯಾಸ ಮಾಡಿದ, ಹದಿನೇಳಡಿಗೆ ಮೂರಂಗುಲ ಕಡಿಮೆ ಉದ್ದದ ಪುಟ್ಟ ದೋಣಿ. ಮಾರುತ್ತಿದ್ದವರು ಇದ್ದದ್ದು ಕ್ಯಾಲಿಫೋರ್ನಿಯಾದ ಫಾಲ್ಸಮ್ ಕೆರೆ ಹತ್ತಿರ, ನಾವಿರೋದು ಫ್ರೀಮಾಂಟಿನಲ್ಲಿ. ನಡುವೆ ಸುಮಾರು 120 ಮೈಲಿ.

ಮನೆಮಂದಿಯೆಲ್ಲ ಸೇರಿಯೇ ತರೋಣ ಅಂದುಕೊಂಡಿದ್ದಕ್ಕೆ ಒಂದು ಕಾರಣ ಅಪ್ಪ. ಊರಿಂದ ಬಂದು ಎರಡು ತಿಂಗಳಾಗಿತ್ತು. ಅಮ್ಮ ಹೋದಮೇಲೆ ಒಬ್ಬರೇ ಬಂದದ್ದು ಇದೇ ಮೊದಲು. ಹೊಳೆನರಸೀಪುರದ ಕಡೆ ಐವತ್ತು ವರ್ಷ ಬೇಸಾಯ ಮಾಡಿದವರಿಗೆ ಇಲ್ಲಿ ಮಾಡೋಕೆ ಕೆಲಸವೇ ಇಲ್ಲ. ಕಿಟಕಿ ಪಕ್ಕ ಕೂತು ರಸ್ತೆ ನೋಡೋದು, ಅಷ್ಟೇ. ಹದಿನಾಲ್ಕರ ಮೊಮ್ಮಗನಿಗೂ ಅವರಿಗೂ "ಊಟ ಆಯ್ತಾ ತಾತ?", "ಆಯ್ತಪ್ಪ" ಬಿಟ್ಟರೆ ಬೇರೆ ಮಾತಿಲ್ಲ. "ಟಿಕೆಟ್ಟು ಮುಂಚೇಕೆ ಹಾಕ್ಸಕಾಗುತ್ತಾ ನೋಡಪ್ಪ" ಅಂತ ಎರಡು ಸಲ ಕೇಳಿದ್ದರು.

ಹೊರಡೋ ಹಿಂದಿನ ದಿನ ಮಗ ಎಲ್ಲ ಓದಿಕೊಂಡು ಬಂದು ನಮಗೆ ಪಾಠ ಮಾಡಿದ. ಟ್ರೇಲರಿನ ಮೂತಿ ಕಾರಿನ ಮೇಲೆ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಭಾರ ಹಾಕಬೇಕಂತೆ. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಿ ಕಾರನ್ನೂ ಎಳೆದಾಡುತ್ತೆ. ಜಾಸ್ತಿಯಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ತಪ್ಪುತ್ತೆ. ಇಂಗ್ಲಿಷಿನಲ್ಲಿ ಇದಕ್ಕೆ ಟಂಗ್ ವೆಯ್ಟ್ ಅಂತಾರೆ. ತಾತನಿಗೆ ಹೇಳೋಕೆ ಕನ್ನಡ ಸಿಗದೆ ಪಾಪ ಗಾಳಿಯಲ್ಲಿ ಚಿತ್ರ ಬರೀತಿದ್ದ.

"ಮುಂಭಾರ" ಅಂದರು ಅಪ್ಪ.

ಎಲ್ಲರೂ ಅವರ ಕಡೆ ತಿರುಗಿದೆವು. "ಹಿಂಭಾರ ಆದ್ರೆ ಗಾಡಿ ಮೂಕಿ ಮೇಲಕ್ಕೆ ಏಳುತ್ತೆ, ಎತ್ತಿನ ಕೊರಳಿಗೆ ಉರುಳು ಹಾಕ್ದಂಗೆ. ಮುಂಭಾರ ಜಾಸ್ತಿ ಆದ್ರೆ ಕತ್ತು ಮುರಿಯುತ್ತೆ. ಹೇರುವಾಗ್ಲೇ ನೋಡ್ಕೋಬೇಕು, ದಾರೀಲಿ ನೋಡ್ತೀನಿ ಅಂದ್ರಾಗಲ್ಲ."

ಮರುದಿನ ಅಲ್ಲಿ ಹೋದಮೇಲೆ ಟ್ರೇಲರ್ ಮೂತಿಯ ಕೆಳಗೆ ನಮ್ಮ ಬಾತ್‌ರೂಮಿನ ತೂಕದ ಯಂತ್ರ ಇಟ್ಟೆವು. ದೋಣಿಯ ತೂಕವೇ 575 ಪೌಂಡು. ಟ್ರೇಲರ್, ಹಾಯಿ, ಮೋಟಾರು, ಲಂಗರು ಸೇರಿದರೆ ಸುಮಾರು 900. ಅಂದರೆ ಮೂತಿಯಲ್ಲಿ 90 ಆದರೂ ಬೇಕು. ಮುಳ್ಳು ತೋರಿಸಿದ್ದು 40! ತಾತ ಮೊಮ್ಮಗ ಇಬ್ಬರೂ ಶುರು ಹಚ್ಚಿಕೊಂಡರು. ಹಿಂದೆ ನೇತಾಡುತ್ತಿದ್ದ ಮೋಟಾರು ಬಿಚ್ಚಿ ಕಾರಿಗೆ, ಲಂಗರು ದೋಣಿಯ ಮುಂಭಾಗಕ್ಕೆ. ಮುಂದಿನ ಕಂಬದ ಬೋಲ್ಟ್ ಸಡಿಲಿಸಿ ದೋಣಿಯನ್ನೇ ಅರ್ಧ ಅಡಿ ಮುಂದಕ್ಕೆ ಎಳೆದರು. ಮೂರನೇ ಸಲ ಮುಳ್ಳು 95ಕ್ಕೆ ಬಂದು ನಿಂತಿತು. ಅಪ್ಪ ಮೂತಿಯನ್ನು ಒಂದು ಸಲ ಕೈಯಲ್ಲಿ ಎತ್ತಿ ನೋಡಿ "ಈಗ ಸರಿ" ಅಂದಮೇಲೇ ಕಾರಿಗೆ ಕೊಕ್ಕೆ ಹಾಕಿದ್ದು.

ದೋಣಿಗಿಂತ ಉದ್ದದ ಹಾಯಿಕಂಬ ಹಿಂದೆ ಚಾಚಿಕೊಂಡಿತ್ತು. ನಾಲ್ಕಡಿ ಚಾಚಿದರೆ ಕೆಂಪು ಬಟ್ಟೆ ಕಟ್ಟಬೇಕು ಅಂತ ಇಲ್ಲಿ ಕಾನೂನು, ಆ ಕೆಲಸ ನನ್ನವಳದು. ಮಗಳದು ಚಕ್ರದ ಕೆಲಸ. ದೋಣಿ ಇಳಿಸುವಾಗ ಬಿಸಿಯಾದ ಹಬ್ ತಣ್ಣೀರಲ್ಲಿ ಮುಳುಗಿ ಒಳಕ್ಕೆ ನೀರು ಎಳೆದುಕೊಳ್ಳುತ್ತೆ, ಗ್ರೀಸು ಕೆಡುತ್ತೆ, ಬೇರಿಂಗು ಹೋಗುತ್ತೆ. ಅದಕ್ಕೇ ಹೊಸ ಗ್ರೀಸು ತುಂಬಿ ಹೊರಟೆವು. "ಕೀಲೆಣ್ಣೆ ಅನ್ನು ಮಗಾ" ಅಂತ ತಾತ ಹೇಳಿಕೊಟ್ಟರು. ನಿಂತಲ್ಲೆಲ್ಲ ಇಬ್ಬರೂ ಇಳಿದು ಹಬ್ ಮುಟ್ಟಿ ನೋಡೋದು. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡೋಕಾಗದಷ್ಟು ಸುಟ್ಟರೆ ಅಪಾಯ. ಡೇವಿಸಿನಲ್ಲೂ ಫೇರ್‌ಫೀಲ್ಡಿನಲ್ಲೂ ಬೆಚ್ಚಗಷ್ಟೇ ಇತ್ತು.

ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರು 55 ಮೈಲಿ ಮೀರುವ ಹಾಗಿಲ್ಲ. ಲಾರಿಗಳೂ ನಮ್ಮನ್ನು ದಾಟಿ ಹೋದವು. ಬೆನಿಶಿಯಾ ಸೇತುವೆ ಮೇಲೆ ಅಡ್ಡಗಾಳಿ ಹೊಡೆದಾಗ ನನ್ನ ಅಂಗೈ ಬೆವೆತಿತ್ತು. ಹಿಂದಿನ ಸೀಟಿನಿಂದ ಅಪ್ಪನೂ ಮಗನೂ ಒಟ್ಟಿಗೇ ಹಿಂದಕ್ಕೆ ತಿರುಗಿ ಕೂತಿದ್ದರು. "ಅಲ್ಲಾಡ್ತಿಲ್ಲ, ನೀ ಮುಂದೆ ನೋಡು" ಅಂದರು ಅಪ್ಪ.

ಮನೆ ಮುಂದೆ ಬಂದಮೇಲೆ ರಿವರ್ಸ್ ಪರೀಕ್ಷೆ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ! ಚಿಕ್ಕ ಟ್ರೇಲರ್ ಆದಷ್ಟೂ ಬೇಗ ಮಡಚಿಕೊಳ್ಳುತ್ತೆ. ನಾಲ್ಕನೇ ಸಲಕ್ಕೆ ಅಪ್ಪ ಕಾರಿನ ಬಾಗಿಲಿಗೇ ಬಂದು "ಎತ್ತು ಬಿಚ್ಚೋ. ಗಾಡೀನ ಯಾರಾದ್ರೂ ಹಿಂದಕ್ಕೆ ಓಡುಸ್ತಾರಾ?" ಅಂದರು. ನಮ್ಮ ಅಂಗಳ ಸಮತಟ್ಟು. ಕೊಕ್ಕೆ ಬಿಚ್ಚಿ, ಮೂತಿಯ ಪುಟ್ಟ ಚಕ್ರ ಇಳಿಸಿ, ಐದು ಜನ ಕೈಯಲ್ಲೇ ತಳ್ಳಿದೆವು. ಎರಡೇ ನಿಮಿಷ. ಹಿಂದು ಮುಂದು ಚಕ್ರಕ್ಕೆ ಇಟ್ಟಿಗೆ ಕೊಟ್ಟದ್ದೂ ಅಪ್ಪನೇ :)

ದೋಣಿ ಇನ್ನೂ ನೀರು ಕಂಡಿಲ್ಲ. ಹಾಯಿಯ ಹಗ್ಗ ಬದಲಾಯಿಸಬೇಕು, ಒಂದೆರಡು ಬಿರುಕು ಮುಚ್ಚಬೇಕು. ಸಂಜೆ ಹೊತ್ತು ತಾತ ಮೊಮ್ಮಗ ಅಲ್ಲೇ ಇರ್ತಾರೆ. ಟಿಕೆಟ್ಟಿನ ಮಾತು ಮತ್ತೆ ಬಂದಿಲ್ಲ. ಬದಲಿಗೆ "ನೀರಿಗೆ ಯಾವತ್ತು ಬಿಡ್ತೀರಿ?" ಅಂತ ದಿನಾ ಕೇಳ್ತಾರೆ.

ಮೂಕಿ, ಮುಂಭಾರ, ಕೀಲೆಣ್ಣೆ... ನಿಮ್ಮ ಕಡೆ ಇವಕ್ಕೆ ಬೇರೆ ಹೆಸರಿದ್ದರೆ ತಿಳಿಸಿ. ಮಗ ಪಟ್ಟಿ ಮಾಡ್ತಿದ್ದಾನೆ.