ಅಪ್ಪನ ಆಳ, ನನ್ನ ಎತ್ತರ

“ಇಷ್ಟು ದುಡ್ಡು ಕೊಟ್ಟು ತಗೊಂಡಿದ್ದೀಯಲ್ಲಮ್ಮಾ, ಟೈಮು ಬಿಟ್ರೆ ಇನ್ನೇನು ತೋರಿಸ್ತದೆ ಇದು?”

ಹೊಸ ಗಡಿಯಾರವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸುತ್ತಾ ಅಪ್ಪ ಕೇಳಿದರು. “ಸಮುದ್ರಮಟ್ಟದಿಂದ ನಾವು ಎಷ್ಟು ಎತ್ತರದಲ್ಲಿದ್ದೀವಿ ಅಂತ ತೋರಿಸುತ್ತಪ್ಪ” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎತ್ತರ ಸರಿ. ಆಳ ತೋರಿಸ್ತದಾ?” ಅಂದರು.

ಆ ಪ್ರಶ್ನೆಗೆ ನನ್ನ ಬಳಿ ತಕ್ಷಣ ಉತ್ತರವಿರಲಿಲ್ಲ.

ನಾನು ಬಂಗಾರಪೇಟೆಯಲ್ಲಿ ಶಾಲೆ ಟೀಚರು. ವಯಸ್ಸು ಐವತ್ತೊಂದು. ಬೆಟ್ಟ ಹತ್ತುವ ಹುಚ್ಚು ಶುರುವಾಗಿದ್ದು ಸಕ್ಕರೆ ಕಾಯಿಲೆಯ ಭಯದಿಂದ. “ದಿನಾ ನಡೀರಿ” ಎಂದು ಡಾಕ್ಟರು ಹೇಳಿದ ಮೇಲೆ ನಾವು ನಾಲ್ಕು ಜನ ಟೀಚರುಗಳು ಭಾನುವಾರ ಬೆಳಗ್ಗೆ ಬಸ್ಸು ಹಿಡಿದು ಕೋಲಾರದ ಅಂತರಗಂಗೆಗೆ ಹೋಗತೊಡಗಿದೆವು. ಮೊದಮೊದಲು ಬಸವನ ಬಾಯಿಂದ ನೀರು ಬೀಳುವ ದೇವಸ್ಥಾನದವರೆಗಿನ ಮೆಟ್ಟಿಲು ಹತ್ತುವಷ್ಟರಲ್ಲೇ ಜೀವ ಬಾಯಿಗೆ ಬರುತ್ತಿತ್ತು. ಆಮೇಲೆ ಗುಹೆಗಳು, ಅದರ ಮೇಲೆ ತೇರಹಳ್ಳಿ. ಒಂದು ವರ್ಷದಲ್ಲಿ ನಂದಿಬೆಟ್ಟ, ಇನ್ನೊಂದು ವರ್ಷ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ, ಸುಮಾರು 1,930 ಮೀಟರ್. ಅದರ ತುದಿಯಲ್ಲಿ ನಿಂತು ಚುರುಮುರಿ ತಿನ್ನುತ್ತಿದ್ದಾಗ ನಮ್ಮಲ್ಲೊಬ್ಬಳು “ಇನ್ನು ಹಿಮಾಲಯಾನೇ” ಅಂದುಬಿಟ್ಟಳು. ತಮಾಷೆಗೆ ಅಂದ ಮಾತು ನಿಜವಾಯಿತು. ದಸರಾ ರಜೆಯಲ್ಲಿ ಪಶ್ಚಿಮ ಬಂಗಾಳದ ಸಂದಕ್‌ಫುಗೆ ಹೋಗುವುದೆಂದು ತೀರ್ಮಾನವಾಯಿತು. ಅದು 3,636 ಮೀಟರ್.

ಎತ್ತರ ಅಳೆಯುವ ಗಡಿಯಾರ ಬೇಕು ಎಂದು ಅನ್ನಿಸಿದ್ದು ಆಗಲೇ. ಆ ಮಟ್ಟದಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರತೀರದಲ್ಲಿ ಸಿಗುವುದರ ಮೂರನೇ ಎರಡರಷ್ಟಿರುತ್ತದೆ ಅಷ್ಟೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುತ್ತಾರೆ ವೈದ್ಯರು. ಎಷ್ಟು ಏರಿದ್ದೇವೆ ಎಂದೇ ಗೊತ್ತಿಲ್ಲದಿದ್ದರೆ ಲೆಕ್ಕ ಇಡುವುದು ಹೇಗೆ?

ಮೊದಲು ಮೋಸ ಹೋದೆ. ಆನ್‌ಲೈನಿನಲ್ಲಿ ಎರಡೂವರೆ ಸಾವಿರಕ್ಕೆ ಬೆಟ್ಟದ ಚಿತ್ರ ಹಾಕಿದ ಒಂದು ಸ್ಮಾರ್ಟ್ ವಾಚ್ ಸಿಕ್ಕಿತು. “ಎತ್ತರ ತೋರಿಸುತ್ತದೆ” ಎಂದು ಬರೆದಿತ್ತು. ಅಂತರಗಂಗೆಗೆ ಕಟ್ಟಿಕೊಂಡು ಹೋದೆ. ಬಂಡೆಗಳ ಸಂದಿಯಲ್ಲಿ ಫೋನಿನ ಚಾರ್ಜ್ ಮುಗಿಯಿತು. ಗಡಿಯಾರದ ಅಂಕಿಯೂ ಅಲ್ಲೇ ನಿಂತಿತು. ನಾವು ಮೇಲೆ ಹತ್ತಿ, ಕೆಳಗಿಳಿದು, ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗಲೂ ಅದು ಗುಹೆಯ ಎತ್ತರವನ್ನೇ ತೋರಿಸುತ್ತಿತ್ತು! ಅದರೊಳಗೆ ಎತ್ತರ ಅಳೆಯುವ ಯಾವ ಸಾಧನವೂ ಇರಲಿಲ್ಲ. ಫೋನು ಹೇಳಿದ್ದನ್ನು ಗಿಳಿಯ ಹಾಗೆ ಒಪ್ಪಿಸುತ್ತಿತ್ತು.

ಆಮೇಲೆ ಒಂದು ತಿಂಗಳು ಪಾಠ ಓದಿದ ಹಾಗೆ ಓದಿದೆ. ಎತ್ತರ ಅಳೆಯುವ ಗಡಿಯಾರಗಳಲ್ಲಿ ಎರಡು ಬಗೆ. ಒಂದು ಉಪಗ್ರಹವನ್ನು ಕೇಳಿ ಹೇಳುವ ಜಿಪಿಎಸ್. ನಾವು ನಿಂತ ಜಾಗ ಎಲ್ಲಿ ಎನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ, ಎತ್ತರ ಹೇಳುವುದರಲ್ಲಿ ಸ್ವಲ್ಪ ತಪ್ಪುತ್ತದೆ, ಬ್ಯಾಟರಿಯನ್ನೂ ಬೇಗ ತಿನ್ನುತ್ತದೆ. ಇನ್ನೊಂದು ಗಾಳಿಯ ಒತ್ತಡ ಅಳೆಯುವಂಥದ್ದು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ ಸಾಮಾನ್ಯವಾಗಿ 1,013 ಹೆಕ್ಟೊಪಾಸ್ಕಲ್ ಇರುವುದು ನಮ್ಮ ಬಂಗಾರಪೇಟೆಯಲ್ಲಿ 915ರ ಆಸುಪಾಸು. ನಮ್ಮ ಕಡೆ ಒಂಬತ್ತು ಮೀಟರ್ ಏರಿದರೆ ಒಂದು ಹೆಕ್ಟೊಪಾಸ್ಕಲ್ ಕಡಿಮೆ. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ನಮ್ಮಲ್ಲಿ 97ಕ್ಕೇ ಕುದಿಯುತ್ತದೆ. ಸಂದಕ್‌ಫುನಲ್ಲಿ 88ಕ್ಕೆ. ಅಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವುದು ಕಷ್ಟ.

ಕೊನೆಗೆ ಕ್ಯಾಸಿಯೊದ ಪ್ರೊ ಟ್ರೆಕ್ ಸಾಲಿನ ಒಂದು ಗಡಿಯಾರ ಆರಿಸಿದೆ. ಸುಂಟೊ, ಗಾರ್ಮಿನ್ ಎಂಬ ಹೆಸರುಗಳನ್ನೂ ನೋಡಿದ್ದೆ. ಆದರೆ ನನಗೆ ಬೇಕಿದ್ದದ್ದು ಮೂರೇ: ಬಿಸಿಲಿನಲ್ಲೇ ಚಾರ್ಜ್ ಆಗಬೇಕು, ಕನ್ನಡಕ ಇಲ್ಲದೆಯೂ ಅಂಕಿ ಕಾಣಬೇಕು, ಕೈಗವಸು ಹಾಕಿದ್ದರೂ ಒತ್ತಲು ಗುಂಡಿಗಳಿರಬೇಕು. ಹದಿನೇಳು ಸಾವಿರ ಚಿಲ್ಲರೆ ಬಿತ್ತು. ನಮ್ಮನೆಯವರು “ಒಂದು ಬಳೆ ಆಗ್ತಿತ್ತಲ್ಲೇ” ಅಂದರು. ಚಿನ್ನದ ಊರಿನವಳು ನಾನು, ಆ ದುಡ್ಡಿಗೆ ಈಗ ಎಂಥ ಬಳೆಯೂ ಬರುವುದಿಲ್ಲ ಎಂದು ಬಾಯಿ ಮುಚ್ಚಿಸಿದೆ.

ಗಡಿಯಾರ ಬಂದ ಮೊದಲ ಭಾನುವಾರವೇ ಇನ್ನೊಂದು ಗಾಬರಿ. ಬೆಳಗ್ಗೆ ಹತ್ತು ಗಂಟೆಗೆ 850 ಎಂದು ಹೊಂದಿಸಿ ಮೇಜಿನ ಮೇಲಿಟ್ಟಿದ್ದೆ. ಸಂಜೆ ನಾಲ್ಕಕ್ಕೆ ನೋಡಿದರೆ 880! “ಕೂತಲ್ಲೇ ಮೂವತ್ತು ಮೀಟರ್ ಬೆಟ್ಟ ಹತ್ತಿಬಿಟ್ಟೆಯಲ್ಲೇ” ಎಂದು ನಮ್ಮನೆಯವರು ನಕ್ಕಿದ್ದೇ ನಕ್ಕಿದ್ದು. ವಾಪಸ್ ಕಳಿಸಲು ಡಬ್ಬಿ ಕೂಡ ಹುಡುಕಿದ್ದೆ. ಅದು ಗಡಿಯಾರದ ತಪ್ಪಲ್ಲ. ಸಮುದ್ರಕ್ಕೆ ಉಬ್ಬರ ಇಳಿತ ಇರುವಂತೆ ಗಾಳಿಗೂ ಇದೆ. ನಮ್ಮಂಥ ಸೀಮೆಯಲ್ಲಿ ಬೆಳಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಒತ್ತಡ ಏರುತ್ತದೆ, ಬೆಳಗಿನ ಜಾವ ನಾಲ್ಕು ಮತ್ತು ಸಂಜೆ ನಾಲ್ಕಕ್ಕೆ ಇಳಿಯುತ್ತದೆ. ಒತ್ತಡ ಇಳಿದರೆ, ನಾವೇ ಮೇಲೆ ಹತ್ತಿದೆವು ಎಂದು ಗಡಿಯಾರ ತಿಳಿಯುತ್ತದೆ. ಆದ್ದರಿಂದ ಎತ್ತರ ಗೊತ್ತಿರುವ ಜಾಗ ಸಿಕ್ಕಿದಾಗಲೆಲ್ಲ ಅದನ್ನು ತಿದ್ದಿಕೊಳ್ಳಬೇಕು. ನಮಗೆ ಅದಕ್ಕೆ ಬಹಳ ದೂರ ಹೋಗಬೇಕಿಲ್ಲ. ರೈಲ್ವೆ ಸ್ಟೇಷನ್ನಿನ ಹಳದಿ ಹಲಗೆಯ ಮೇಲೆ ಊರಿನ ಹೆಸರಿನ ಕೆಳಗೆ ಸಣ್ಣದಾಗಿ ಬರೆದಿರುತ್ತದಲ್ಲ, ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು, ಅದು ಸಾಕು.

ಇನ್ನು ಅಪ್ಪನ ಪ್ರಶ್ನೆಗೆ ಬರುತ್ತೇನೆ.

ಅಪ್ಪ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸದಲ್ಲಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿಗಳು ಮುಚ್ಚಿದ ಮೇಲೆ ಬಂಗಾರಪೇಟೆಗೆ ಬಂದೆವು. ಈಗ ಎಪ್ಪತ್ತೆಂಟು. ಅಮ್ಮ ಹೋದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಗಣಿಯ ವಿಷಯ ತಾವಾಗಿ ಎತ್ತುವವರಲ್ಲ. ನಾನೂ ಕೇಳಿದವಳಲ್ಲ. ಚಿಕ್ಕಂದಿನಲ್ಲಿ ಸೈರನ್ ಕೇಳಿದರೆ ಶಿಫ್ಟು ಬಿಟ್ಟಿತು, ಅಪ್ಪ ಬರುತ್ತಾರೆ ಎಂಬಷ್ಟೇ ನನಗೆ ಗೊತ್ತಿದ್ದದ್ದು. ಹೊತ್ತಲ್ಲದ ಹೊತ್ತಿನಲ್ಲಿ ನೆಲ ನಡುಗಿ ಅಡುಗೆಮನೆಯ ಪಾತ್ರೆಗಳು ಸದ್ದು ಮಾಡಿದರೆ ಮಾತ್ರ ಅಮ್ಮ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಳಗೆಲ್ಲೋ ಬಂಡೆ ಸಿಡಿದಿದೆ ಎಂದು ಇಡೀ ಲೈನಿಗೆ ಗೊತ್ತಾಗುತ್ತಿತ್ತು.

“ನೀವು ಎಷ್ಟು ಆಳದಲ್ಲಿ ಕೆಲಸ ಮಾಡ್ತಿದ್ರಪ್ಪ?” ಮೊದಲ ಸಲ ಕೇಳಿದೆ.

“ಕೊನೇಗೆ ಒಂಬತ್ತು ಸಾವಿರ ಅಡಿ. ಒಂದು ಕೇಜಲ್ಲಿ ಇಳಿದು, ಒಳಗೇ ನಡೆದು, ಇನ್ನೊಂದು ಕೇಜ್ ಹಿಡೀಬೇಕು. ಇಳಿಯೋವಾಗ ಕಿವಿ ಗುಂಯ್ ಅಂತ ಕಟ್ಕೊಳ್ತದೆ. ಹೊಸಬರಿಗೆ ಹೇಳ್ತಿದ್ವಿ, ಎಂಜಲು ನುಂಗ್ರೋ ಅಂತ. ಕಿವೀನೇ ನಮ್ಗೆ ಮೀಟ್ರು.”

ಅದೇ ಗಾಳಿಯ ಒತ್ತಡ. ಹದಿನೇಳು ಸಾವಿರ ಕೊಟ್ಟು ನಾನು ಕೊಂಡದ್ದನ್ನು ಅಪ್ಪ ಇಷ್ಟು ವರ್ಷ ಕಿವಿಯಲ್ಲೇ ಇಟ್ಟುಕೊಂಡಿದ್ದರು.

ಕಾಗದ ಪೆನ್ನು ತಂದು ಕೂತೆ. ಒಂಬತ್ತು ಸಾವಿರ ಅಡಿ ಎಂದರೆ ಸುಮಾರು 2,740 ಮೀಟರ್. ನಮ್ಮ ಸೀಮೆ ಸಮುದ್ರಕ್ಕಿಂತ 850 ಮೀಟರ್ ಮೇಲಿದೆ. ಅಂದರೆ ಇಳಿಯುವ ದಾರಿಯಲ್ಲಿ ಮೂರನೇ ಒಂದು ಭಾಗ ಕಳೆಯುವ ಮೊದಲೇ ಸಮುದ್ರಮಟ್ಟ ಬಂದುಬಿಡುತ್ತದೆ. ಉಳಿದದ್ದೆಲ್ಲ ಸಮುದ್ರಕ್ಕಿಂತ ಕೆಳಗೆ, ಹತ್ತಿರ ಹತ್ತಿರ 1,900 ಮೀಟರ್. ಅಲ್ಲಿ ಒತ್ತಡ 1,250 ದಾಟುತ್ತದೆ. ಅಲ್ಲಿ ನೀರು ಕುದಿಯಲು 100 ಡಿಗ್ರಿಯೂ ಸಾಲದು, ಇನ್ನೂ ಐದಾರು ಡಿಗ್ರಿ ಬೇಕು.

ಗಡಿಯಾರದ ಕೈಪಿಡಿ ತೆಗೆದು ನೋಡಿದೆ. ಮೇಲೆ ಹತ್ತು ಸಾವಿರ ಮೀಟರಿನವರೆಗೆ ಅಳೆಯುತ್ತದೆ. ಎವರೆಸ್ಟಿನ ಮೇಲೆ ನಿಂತರೂ ಸಾಕು. ಕೆಳಗೆ? ಮೈನಸ್ 700. ಅಷ್ಟೇ. ಅಪ್ಪ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಮುಂದಕ್ಕೇ ಅದು ಕೈಚೆಲ್ಲಿಬಿಡುತ್ತಿತ್ತು. ಜಗತ್ತಿನ ಯಾವ ಶಿಖರಕ್ಕಾದರೂ ಬರಲು ಒಪ್ಪುವ ಗಡಿಯಾರ ನಮ್ಮಪ್ಪನ ಜೊತೆ ಶಿಫ್ಟಿಗೆ ಹೋಗಲಾರದು.

ಹೇಳಿದಾಗ ಅಪ್ಪ ನಗಲಿಲ್ಲ. “ಸಮುದ್ರಕ್ಕಿಂತ ಕೆಳಗಿದ್ವಾ ನಾವು?” ಎಂದು ಎರಡು ಸಲ ಕೇಳಿದರು. “ಸಮುದ್ರಾನೇ ನೋಡಿರಲಿಲ್ಲ ಕಣಮ್ಮಾ ಆಗ.”

ಮುಂದಿನ ಭಾನುವಾರ ಅವರೇ “ನಡಿ, ಹೋಗ್ಬರೋಣ” ಅಂದರು. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದೆವು. ಊರಿಗಾಂ ದಾಟುವವರೆಗೂ ಗಡಿಯಾರ ಅವರ ಕೈಯಲ್ಲೇ ಇತ್ತು. ಅಂಕಿ ಏರಿದಾಗಲೆಲ್ಲ ಕಿಟಕಿಯಾಚೆ ನೋಡಿ “ಹೌದು, ಇಲ್ಲಿ ದಿಣ್ಣೆ ಐತೆ” ಎನ್ನುತ್ತಿದ್ದರು. ಚಾಂಪಿಯನ್‌ನಲ್ಲಿ ಇಳಿದು, ಸೈನೈಡ್ ದಿಬ್ಬಗಳು ಕಾಣುವ ಕಡೆ ಒಂದು ಕಟ್ಟೆಯ ಮೇಲೆ ಕೂತೆವು. ಪಂಪುಗಳು ನಿಂತ ಮೇಲೆ ಗಣಿಗಳೊಳಗೆ ನೀರು ತುಂಬಿಕೊಂಡಿದೆ. ಅಪ್ಪ ನಡೆದಾಡಿದ ಜಾಗ ಈಗ ನೀರೊಳಗೆ. ಅವರು ಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿ, “ನೀನು ಮೇಲಕ್ಕೆ ಹೋಗಿ ಬಾ” ಅಂದರು. ಹೋಗಲು ಅವರು ಮನಸಾರೆ ಒಪ್ಪಿದ್ದು ಅವತ್ತೇ.

ದಸರಾ ರಜೆ ಬಂತು. ಮಾನೆಭಂಜನದಿಂದ ಹೊರಟೆವು. ಅದು ಎರಡು ಸಾವಿರ ಮೀಟರಿನ ಆಸುಪಾಸು. ಮೊದಲ ರಾತ್ರಿ ತುಮ್ಲಿಂಗ್, ಎರಡನೇ ರಾತ್ರಿ ಕಾಲಿಪೋಖರಿ. ಅಲ್ಲಿ ನನ್ನ ಗಡಿಯಾರ 3,170 ತೋರಿಸಿತು. ಆ ಸಂಜೆಯೇ ನಮ್ಮ ಗೆಳತಿಗೆ ತಲೆನೋವು ಶುರುವಾಯಿತು. ಊಟ ಸೇರಲಿಲ್ಲ. ರಾತ್ರಿ ಎರಡು ಸಲ ವಾಂತಿಯಾಯಿತು. “ರೈಲಿನ ಊಟ ಕೆಟ್ಟಿರಬೇಕು, ನಾಳೆ ಸರಿಹೋಗುತ್ತೆ” ಎಂದು ಅವಳೇ ಹೇಳುತ್ತಿದ್ದಳು. ಸಂದಕ್‌ಫು ಇನ್ನು ಒಂದೇ ದಿನದ ದಾರಿ. ಮುಳ್ಳಯ್ಯನಗಿರಿಯ ತುದಿಯಲ್ಲಿ ಹಿಮಾಲಯ ಎಂದವಳು ಅವಳೇ.

ಬೆಳಗಿನ ಜಾವ ಟಾರ್ಚ್ ಹಾಕಿ ಗಡಿಯಾರ ನೋಡಿದೆ. 3,225. ಹಾಸಿಗೆ ಬಿಟ್ಟು ಏಳದೆಯೇ ಐವತ್ತೈದು ಮೀಟರ್ ಏರಿದ್ದೆವು. ಬಂಗಾರಪೇಟೆಯ ಆ ಭಾನುವಾರ ನೆನಪಾಯಿತು. ಆದರೆ ದಿನನಿತ್ಯದ ಉಬ್ಬರ ಇಳಿತಕ್ಕೆ ಇದು ಹೆಚ್ಚಾಯಿತು. ಒತ್ತಡ ಕುಸಿಯುತ್ತಿದೆ, ಹವೆ ಕೆಡಲಿದೆ. ಇನ್ನೊಂದು ಲೆಕ್ಕವೂ ಕಣ್ಣೆದುರಿತ್ತು. ಎರಡೇ ದಿನದಲ್ಲಿ ನಾವು ಮಲಗುವ ಎತ್ತರ ಸಾವಿರ ಮೀಟರಿಗಿಂತ ಹೆಚ್ಚು ಏರಿತ್ತು. ತಲೆನೋವು, ವಾಂತಿ ಇರುವಾಗ ಇನ್ನೂ ಮೇಲೆ ಹೋಗಬಾರದು, ಹೆಚ್ಚಾದರೆ ಇಳಿಯಲೇಬೇಕು. ಇದು ನಾನು ಓದಿಕೊಂಡಿದ್ದ ಮೊದಲ ಪಾಠ.

ಇಬ್ಬರು ಮೇಲೆ ಹೋದರು. ನಾನು ಗೆಳತಿಯನ್ನು ಕರೆದುಕೊಂಡು ಆ ದಾರಿಯಲ್ಲಿ ಓಡಾಡುವ ಹಳೇ ಲ್ಯಾಂಡ್‌ರೋವರ್ ಹತ್ತಿ ಇಳಿದೆ. ದಾರಿಯುದ್ದಕ್ಕೂ ಅವಳು ಅಳುತ್ತಿದ್ದಳು, ತಲೆನೋವಿಗಲ್ಲ. ನನಗೂ ಒಳಗೊಳಗೇ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಹತ್ತು ಗಂಟೆಗೆ ಮಂಜು ಕವಿದು, ಮಧ್ಯಾಹ್ನದ ಹೊತ್ತಿಗೆ ಮೇಲೆಲ್ಲ ಮಳೆ, ಆಲಿಕಲ್ಲು. ಮಾನೆಭಂಜನಕ್ಕೆ ಬಂದ ಮೇಲೆ ಸಂಜೆ ಅವಳು ಒಂದು ತಟ್ಟೆ ಅನ್ನ ಉಂಡಳು. ಮೇಲೆ ಹೋದವರು ನೆನೆದು ನಡುಗುತ್ತಾ, ಏನನ್ನೂ ಕಾಣದೆ, ಆದರೆ ಕ್ಷೇಮವಾಗಿ ಎರಡು ದಿನದ ಮೇಲೆ ಬಂದರು. ಕಾಂಚನಜುಂಗಾ ನಮಗ್ಯಾರಿಗೂ ಮುಖ ತೋರಿಸಲಿಲ್ಲ.

ಊರಿಗೆ ಬಂದಾಗ ತಪ್ಪು ಮಾಡಿ ಬಂದ ಮಗುವಿನ ಹಾಗೆ ಅಪ್ಪನ ಮುಂದೆ ನಿಂತೆ. “ತುದಿ ಮುಟ್ಟಲಿಲ್ಲಪ್ಪ. ಅರ್ಧಕ್ಕೇ ವಾಪಸ್ ಬಂದೆ.”

“ಯಾಕೆ?” ಅಂದರು. ಹೇಳಿದೆ. ಪೂರ್ತಿ ಕೇಳಿ, “ಒಳಗೆ ಬಂಡೆ ಚಿಟಿಚಿಟಿ ಅಂತ ಸದ್ದು ಮಾಡಿದ್ರೆ, ಮುಂದೆ ಚಿನ್ನಾನೇ ಇರಲಿ, ಬಿಟ್ಟು ಬಂದುಬಿಡ್ತಿದ್ವಿ. ಬಂದೋನು ನಾಳೆ ಶಿಫ್ಟಿಗೆ ಹೋಗ್ತಾನೆ. ಬರದೇ ಇದ್ದೋರು…” ಎಂದು ನಿಲ್ಲಿಸಿದರು. ಆ ಮಾತು ಅವರು ಮುಗಿಸಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ನಮ್ಮ ಮನೆಯಿಂದ ನಾನು ಏರಿದ್ದು ಒಟ್ಟು 2,320 ಮೀಟರ್, ಅದೂ ಜೀವನದಲ್ಲಿ ಒಂದು ಸಲ, ನಾಲ್ಕು ಜನಕ್ಕೆ ಫೋಟೋ ಕಳಿಸಿ. ಅಪ್ಪ ಅದಕ್ಕಿಂತ ನಾನೂರು ಮೀಟರ್ ಹೆಚ್ಚು ಇಳಿದು ಹತ್ತುತ್ತಿದ್ದರು, ದಿನಾ, ಟಿಫನ್ ಕ್ಯಾರಿಯರ್ ಹಿಡಿದುಕೊಂಡು.

ನಮ್ಮಂಥವರು ಯಾರಾದರೂ ಇಂಥ ಗಡಿಯಾರ ಕೊಳ್ಳುವುದಿದ್ದರೆ ಮೂರು ಮಾತು. ಒತ್ತಡ ಅಳೆಯುವ ಸೆನ್ಸರ್ ಗಡಿಯಾರದೊಳಗೇ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಹೊರಡುವ ಮೊದಲು ಒಂದು ತಿಂಗಳು ಮನೆಯಲ್ಲೇ ಕಟ್ಟಿಕೊಂಡು ಅದರ ಗುಣ ತಿಳಿಯಿರಿ. ಹೊರಗಿನ ಚಳಿ ಎಷ್ಟೆಂದು ನೋಡಬೇಕಾದರೆ ಕೈಯಿಂದ ಬಿಚ್ಚಿ ಅರ್ಧ ಗಂಟೆ ಪಕ್ಕಕ್ಕಿಡಿ, ಇಲ್ಲದಿದ್ದರೆ ಅದು ನಿಮ್ಮ ಮೈಬಿಸಿಯನ್ನೇ ಹೇಳುತ್ತದೆ. ಮೇಲೆ ಹೋಗಬೇಕೋ ಇಳಿಯಬೇಕೋ ಎಂಬುದನ್ನು ಮಾತ್ರ ಯಾವ ಗಡಿಯಾರವೂ ಹೇಳುವುದಿಲ್ಲ. ಅದು ನಾವೇ ಹೇಳಿಕೊಳ್ಳಬೇಕು.

ಈಗ ನನ್ನ ಗಡಿಯಾರ ವಾರದ ದಿನಗಳಲ್ಲಿ ಅಪ್ಪನ ಮಂಚದ ಪಕ್ಕದಲ್ಲಿರುತ್ತದೆ. ಬೆಳಗ್ಗೆ ಎದ್ದವರೇ ನೋಡಿ, “ರಾತ್ರಿಯಿಂದ ನಲವತ್ತು ಮೀಟ್ರು ಮೇಲಕ್ಕೆ ಹೋಗಿದ್ದೀವಿ, ಇವತ್ತು ಹಪ್ಪಳ ಒಣಗಿಸಬೇಡ” ಎನ್ನುತ್ತಾರೆ. ಅವರ ಮಾತು ಹತ್ತಕ್ಕೆ ಏಳು ಸಲ ನಿಜವಾಗುತ್ತದೆ. ಉಳಿದ ಮೂರು ಸಲ ನನ್ನ ಹಪ್ಪಳ ಸುಮ್ಮನೆ ಒಳಗಿರುತ್ತವೆ, ಇರಲಿ ಬಿಡಿ.